ಮಟ್ಟಿಯ ಕಟ್ಟುಪಾಡು

ಬಲವಿದ್ದವರೆಲ್ಲ ಮಲ್ಲರಲ್ಲ. ಬೀದಿಯಲ್ಲಿ ಕೈಮಾಡಿದವನನ್ನು ಪುಂಡನೆಂದು ಹಳಿಯುವ ಲೋಕವೇ ಕಣದಲ್ಲಿ ಕೈಮಾಡಿದವನ ಕೊರಳಿಗೆ ಹಾರ ಹಾಕುತ್ತದೆ. ತೋಳು ಅದೇ, ಏಟೂ ಅದೇ; ಇಬ್ಬರನ್ನೂ ಬೇರೆಮಾಡುವುದು ಕಟ್ಟುಪಾಡು ಒಂದೇ. ಕಟ್ಟುಪಾಡು ಸಡಿಲವಾದ ದಿನ ಮಲ್ಲವಿದ್ಯೆ ವಿದ್ಯೆಯಾಗಿ ಉಳಿಯದೆ ಬರಿಯ ಹೊಡೆದಾಟವಾಗುತ್ತದೆ. ಈ ಮಾತಿಗೆ ಸಾಕ್ಷಿ ಬೇಕಾದವರು ದೂರ ಹೋಗಬೇಕಾಗಿಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗಿ ಮಹಾನವಮಿ ದಿಬ್ಬದ ಸುತ್ತ ಒಂದು ಪ್ರದಕ್ಷಿಣೆ ಬಂದರೆ ಸಾಕು.

ಆ ದಿಬ್ಬದ ಕಲ್ಲುಗಳ ಮೇಲೆ ಆನೆ, ಕುದುರೆ, ಬೇಟೆ, ಕೋಲಾಟಗಳ ನಡುವೆ ಕುಸ್ತಿಯ ಜಟ್ಟಿಗಳೂ ನಿಂತಿದ್ದಾರೆ. ಕ್ರಿ.ಶ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಕುಸ್ತಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಹಲ್ಲು ಮುರಿಯುವ, ಕಣ್ಣಿಗೆ ಅಪಾಯ ತರುವ, ಮುಖವನ್ನು ವಿಕಾರಗೊಳಿಸುವ ಏಟುಗಳನ್ನು ನೋಡಿ ಅವನು ಬೆರಗಾಗಿದ್ದಾನೆ. ಮಾತೇ ಹೊರಡದ ಸ್ಥಿತಿಯಲ್ಲಿ ಕೆಲವರನ್ನು ಗೆಳೆಯರು ಹೊತ್ತುಕೊಂಡು ಹೋದುದನ್ನೂ ಹೇಳಿದ್ದಾನೆ. ಆದರೆ ಅವನು ಅಲ್ಲಿಗೇ ನಿಲ್ಲಿಸಿಲ್ಲ. ಈ ಜಟ್ಟಿಗಳಿಗೆ ನಾಯಕರಿದ್ದರು, ತೀರ್ಪುಗಾರರಿದ್ದರು, ಇಬ್ಬರನ್ನೂ ಸಮಸ್ಥಿತಿಯಲ್ಲಿ ಕಣಕ್ಕಿಳಿಸುವುದೂ ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುವಂತೆ ನೋಡುವುದೂ ಅವರ ಕೆಲಸವಾಗಿತ್ತು ಎಂದೂ ತಿಳಿಸಿದ್ದಾನೆ. ಅಷ್ಟು ಉಗ್ರವಾದ ಆಟದಲ್ಲಿಯೂ ಸಮಬಲರ ಜೋಡಿ ಕಟ್ಟುವ ಹೊಣೆ ಯಾರದೆಂಬುದು ನಿಶ್ಚಿತವಾಗಿತ್ತು.

ಪಾಯೆಸನ ಬಳಿಕ ಬಂದ ನೂನಿಜ್ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದಾನೆ. ದ್ವಂದ್ವಯುದ್ಧದಲ್ಲಿ ಕಾದಾಡುವವರಿಗೆ ರಾಜ್ಯದಲ್ಲಿ ಬಹಳ ಗೌರವವಿತ್ತು. ಆದರೂ ಮಂತ್ರಿಯ ಅನುಮತಿ ಪಡೆಯದೆ ಯಾರೂ ಕಾದಾಡುವಂತಿರಲಿಲ್ಲ. ರಾಜನ ಅರಮನೆಯಲ್ಲಿ ಕುಸ್ತಿ ಆಡುವ ಸ್ತ್ರೀಯರಿದ್ದರೆಂದೂ ಅವನೇ ಹೇಳುತ್ತಾನೆ. ಹೆಣ್ಣುಮಕ್ಕಳು ಕಣಕ್ಕಿಳಿಯುವುದು ಇಂದಿನ ಹೊಸ ಸೋಜಿಗವೆಂದು ಮೂಗಿನ ಮೇಲೆ ಬೆರಳಿಡುವ ಹಿರಿಯರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣ ಮೀಸಲಾಗಿದೆ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ವರ್ಗವರ್ಗವಾಗಿ ವಿಂಗಡಿಸಬೇಕೆಂಬ ವಿವೇಕ ಅಲ್ಲಿದೆ. ಅವರ ಆಹಾರದ ವಿಚಾರವೂ ಇದೆ. ವಿಜಯನಗರ ಅಳಿದ ಮೇಲೆ ಅದರ ನವರಾತ್ರಿಯ ವೈಭವವನ್ನು ಮುಂದುವರಿಸಿದವರು ಮೈಸೂರಿನ ಒಡೆಯರು. ವಿಜಯದಶಮಿಯ ಬೆಳಿಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರು ಬಲ್ಲರು: ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಎರಡನೆಯ ಏಟಿಗೆ ಅವಕಾಶವಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡೇ ಆರಂಭಿಸುವುದು ನಮ್ಮ ಮಲ್ಲಸಂಪ್ರದಾಯದ ಹಿರಿಮೆ.

ಹಂಪಿ ಉತ್ಸವದಲ್ಲಿ ಕುಸ್ತಿಯ ಸ್ಪರ್ಧೆಗಳು ನಡೆಯುತ್ತವೆ. ಈ ಸೀಮೆಯ ಜಾತ್ರೆಗಳಲ್ಲಿ ಹಲಗೆಯ ಸದ್ದು ಕೇಳಿದೊಡನೆ ಜನ ಕಣದ ಸುತ್ತ ನೆರೆಯುವುದೂ ತಪ್ಪಿಲ್ಲ. ಅಲ್ಲಿ ಲಿಖಿತ ಕಾನೂನಿಲ್ಲ. ಗರಡಿಮನೆಯ ಉಸ್ತಾದನ ಕಣ್ಣೇ ಕಾನೂನು. ತನ್ನ ಹುಡುಗ ಏನು ತಿಂದ, ಎಷ್ಟು ಸಾಮು ತೆಗೆದ, ಯಾವ ಪಟ್ಟಿನಲ್ಲಿ ದುರ್ಬಲ, ನಿನ್ನೆ ಜ್ವರದಿಂದ ಮಲಗಿದ್ದನೆ ಎಂಬುದೆಲ್ಲ ಆತನಿಗೆ ಗೊತ್ತು. ಸರಿಜೋಡಿಯಲ್ಲವೆಂದು ಕಂಡರೆ ಜನ ಎಷ್ಟೇ ಕೂಗಿದರೂ ಕೈಕೈ ಮಿಲಾಯಿಸಲು ಬಿಡುವುದಿಲ್ಲ. ಪೈಲ್ವಾನನ ಮೈಯನ್ನೂ ಕಣದ ವ್ಯವಸ್ಥೆಯನ್ನೂ ಒಬ್ಬನೇ ಕಾಯುತ್ತಿದ್ದ ಆ ಹಿರಿಯನ ಕೆಲಸ ಈಗ ಎರಡು ಪಾಲಾಗಿದೆ. ಒಂದು ಪಾಲನ್ನು ಸರಕಾರ ವಹಿಸಿಕೊಂಡಿದೆ. ಇನ್ನೊಂದನ್ನು ವಹಿಸಿಕೊಂಡವರು ಯಾರು ಎಂಬುದೇ ಇಂದಿನ ಪ್ರಶ್ನೆ.

ಹೊಸಪೇಟೆಯಿಂದ ಬಳ್ಳಾರಿಯ ದಾರಿ ಹಿಡಿದು ಸುಮಾರು 30 ಕಿಲೋಮೀಟರು ಸಾಗಿದರೆ ಸಂಡೂರು ತಾಲೂಕಿನ ತೋರಣಗಲ್ಲು. ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಅಲ್ಲಿದೆ. ಕುಸ್ತಿ, ಬಾಕ್ಸಿಂಗ್, ಜೂಡೊಗಳಲ್ಲಿ ದೇಶದ ನಾನಾ ಕಡೆಯ ತರುಣರು ಅಲ್ಲಿ ತರಬೇತಿ ಪಡೆಯುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದದ್ದೂ ಅಲ್ಲಿಯೇ. ಮಹಾನವಮಿ ದಿಬ್ಬದ ಜಟ್ಟಿಗೂ ಈ ಸಂಸ್ಥೆಯ ಬಾಕ್ಸರನಿಗೂ ನಡುವೆ ಐದು ಶತಮಾನಗಳಿದ್ದರೂ ದಾರಿಯ ದೂರ ಒಂದು ಗಂಟೆಯ ಪ್ರಯಾಣ ಮಾತ್ರ.

ಈ ಮಟ್ಟಕ್ಕೆ ಏರಿದ ಕ್ರೀಡಾಪಟುವಿನ ಬಾಳು ಹೊರಗಿನವರು ಎಣಿಸಿದಷ್ಟು ಸರಳವಲ್ಲ. ಪರೀಕ್ಷೆಯ ಪಟ್ಟಿಗೆ ಹೆಸರು ಸೇರಿತೆಂದರೆ ದಿನಕ್ಕೆ ಒಂದು ಗಂಟೆ ತಾನು ಎಲ್ಲಿರುವೆನೆಂಬುದನ್ನು ಮುಂಗಡವಾಗಿ ತಿಳಿಸಿರಬೇಕು. ಅಧಿಕಾರಿ ಯಾವ ಸೂಚನೆಯೂ ಇಲ್ಲದೆ ಬಾಗಿಲು ತಟ್ಟಬಹುದು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಅಪರಾಧ. ಮೂತ್ರದ ಮಾದರಿ ಕೊಡುವಾಗ ಅದೇ ಲಿಂಗದ ಅಧಿಕಾರಿಯೊಬ್ಬರು ಎದುರಿಗೇ ಇರುತ್ತಾರೆ. ಕನಿಷ್ಠ 90 ಮಿಲಿಲೀಟರ್ ಮಾದರಿಯನ್ನು ಕ್ರೀಡಾಪಟುವೇ ಎರಡು ಸೀಸೆಗಳಿಗೆ ಹಂಚಿ, ತನ್ನ ಕೈಯಿಂದಲೇ ಮೊಹರು ಮಾಡಬೇಕು. ಪ್ರಯೋಗಾಲಯಕ್ಕೆ ಹೋಗುವುದು ಹೆಸರಲ್ಲ, ಅಂಕಿ ಮಾತ್ರ. ಮೊದಲ ಸೀಸೆಯಲ್ಲಿ ದೋಷ ಕಂಡರೆ ಎರಡನೆಯದನ್ನು ತನ್ನ ಸಮಕ್ಷಮದಲ್ಲಿ ತೆರೆಸುವ ಹಕ್ಕು ಆತನಿಗುಂಟು.

ಜಾಗತಿಕ ಸಂಸ್ಥೆಯಾದ ‘ವಾಡಾ’ ಹುಟ್ಟಿದ್ದು 1999ರಲ್ಲಿ. ಭಾರತದ ‘ನಾಡಾ’ 2005ರಲ್ಲಿ. ಬಹುಕಾಲ ಕೇವಲ ನಿಯಮಾವಳಿಯ ಬಲದಿಂದ ನಡೆದ ಈ ಕಾರ್ಯಕ್ಕೆ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯಿದೆಯಿಂದ ಸಂಸತ್ತಿನ ಮುದ್ರೆಯೂ ಬಿತ್ತು. ಇಷ್ಟಾದರೂ ಲೆಕ್ಕ ಸಮಾಧಾನ ತರುವಂತಿಲ್ಲ. ವಾಡಾದ ವರದಿಯಂತೆ 2024ರಲ್ಲಿ ಭಾರತದಲ್ಲಿ ಪರೀಕ್ಷಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷಿದ್ಧ ವಸ್ತು ಸಿಕ್ಕಿತು. ಕುಸ್ತಿಯೂ ಆ ಪಾಲಿನಿಂದ ಹೊರತಲ್ಲ.

ಈ ನಿಯಮದ ಕಠೋರತೆ ಎಷ್ಟೆಂಬುದಕ್ಕೆ 2016ರ ರಿಯೊ ಒಲಿಂಪಿಕ್ಸ್ ಒಂದು ಪಾಠ. ಕುಸ್ತಿಪಟು ನರಸಿಂಗ್ ಯಾದವ್ ತನ್ನ ಆಹಾರದಲ್ಲಿ ಯಾರೋ ಮದ್ದು ಬೆರೆಸಿದರೆಂದು ವಾದಿಸಿದರು. ಇಲ್ಲಿಯ ಮಂಡಳಿ ಒಪ್ಪಿ ಬಿಡುಗಡೆ ಮಾಡಿತು. ವಾಡಾ ಕ್ರೀಡಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. ಕಣಕ್ಕಿಳಿಯುವ ಹೊತ್ತಿಗೆ ಸರಿಯಾಗಿ ನಾಲ್ಕು ವರ್ಷಗಳ ನಿಷೇಧದ ತೀರ್ಪು ಬಂದಿತು. ಮೈಯೊಳಗೆ ಸಿಕ್ಕ ವಸ್ತುವಿಗೆ ಮೈಯ ಒಡೆಯನೇ ಹೊಣೆ; ‘ನನಗೆ ತಿಳಿಯದು’ ಎಂಬ ಮಾತು ಶಿಕ್ಷೆಯನ್ನು ತಗ್ಗಿಸಬಹುದೇ ಹೊರತು ದೋಷವನ್ನು ತೊಡೆಯದು.

ಆದುದರಿಂದ ಇದು ಒಲಿಂಪಿಕ್ಸ್ ಪಟುಗಳ ಮನೆಯ ಚಿಂತೆ ಮಾತ್ರವೆಂದು ಕೈಬಿಡುವಂತಿಲ್ಲ. ಕೆಮ್ಮು ಬಂದ ಮಗನಿಗೆ ತಾಯಿ ಅಂಗಡಿಯಿಂದ ತರಿಸಿ ಕುಡಿಸುವ ಎಷ್ಟೋ ಸಿರಪ್‌ಗಳಲ್ಲಿ ಟರ್ಬ್ಯುಟಲೈನ್ ಎಂಬ ಔಷಧವಿರುತ್ತದೆ. ಅದು ನಿಷಿದ್ಧ ಪಟ್ಟಿಯಲ್ಲಿದೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಡಬ್ಬಿಯ ಪುಡಿಯಲ್ಲಿ ಚೀಟಿಯ ಮೇಲೆ ಬರೆಯದ ಸ್ಟಿರಾಯ್ಡ್ ಬೆರೆತಿರಬಹುದು. ಬೆಳೆಯುವ ವಯಸ್ಸಿನ ಹುಡುಗನಿಗೆ ಆ ಮದ್ದು ತಾಗಿದರೆ ಎಲುಬಿನ ಬೆಳವಣಿಗೆ ಅಕಾಲದಲ್ಲಿ ನಿಂತುಹೋಗಬಹುದು. ಯಕೃತ್ತಿಗೂ ಹೃದಯಕ್ಕೂ ಕೇಡು. ಹುಡುಗಿಯರಲ್ಲಿ ಒಡೆದ ದನಿ ಮತ್ತೆ ಮೊದಲಿನಂತಾಗುವುದಿಲ್ಲ. ತೂಕ ಇಳಿಸಲೆಂದು ಮೈಯ ನೀರು ಬಸಿಯುವ ಮಾತ್ರೆ ನುಂಗುವುದು ಇನ್ನೂ ಅಪಾಯ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತದ್ದು ಮದ್ದಿನಿಂದಲ್ಲ, ತೂಕ ಇಳಿಸಲು ಬೆವರು ಹರಿಸಿ ನೀರು ಬಿಟ್ಟದ್ದರಿಂದ. ಕೃಷ್ಣದೇವರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ತಿರುಗಿಸಿ ಬೆವರಿಳಿಸಿದ ಮೇಲೆ ಜಟ್ಟಿಯೊಡನೆ ಕುಸ್ತಿಗೆ ನಿಲ್ಲುತ್ತಿದ್ದನೆಂದು ಪಾಯೆಸ್ ಬರೆದಿದ್ದಾನೆ. ಆ ಬಲ ದಿನದಿನದ ದುಡಿಮೆಯಿಂದ ಬಂದದ್ದು. ಆರು ವಾರಗಳಲ್ಲಿ ಸೂಜಿಯ ಮೊನೆಯಿಂದ ಬರುವಂಥದಲ್ಲ.

ಹೀಗೆ ಕ್ರೀಡಾಪಟುವಿನ ಮೈಯ ಮೇಲೆ ಸರಕಾರದ ಕಣ್ಣು ಸೂಕ್ಷ್ಮವಾಗಿಯೇ ಬಿದ್ದಿದೆ. ಅದು ಸರಿಯೂ ಹೌದು. ಆದರೆ ಅದೇ ಕಣ್ಣು ಆತನನ್ನು ಕಾದಾಡಲು ನಿಲ್ಲಿಸಿದ ವೇದಿಕೆಯ ಮೇಲೆ ಬಿದ್ದಿದೆಯೆ? 2022ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಮೈಸೂರಿನ ಯುವಕನೊಬ್ಬ ಎದುರಾಳಿಯ ಏಟಿಗೆ ನೆಲಕ್ಕುರುಳಿದ. ಪ್ರಜ್ಞೆ ಮರಳಲಿಲ್ಲ, ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಸ್ಪರ್ಧೆಯ ಸ್ಥಳದಲ್ಲಿ ತಕ್ಕ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ಮನೆಯವರು ದೂರಿದರು. ನಿರ್ಲಕ್ಷ್ಯದ ಆರೋಪದ ಮೇಲೆ ಪೊಲೀಸರು ಮೊಕದ್ದಮೆ ಹೂಡಿದರು. ಮೊಕದ್ದಮೆ ನಡೆಯುವುದು ಸಾವಿನ ಬಳಿಕ. ಕಟ್ಟುಪಾಡು ಬೇಕಾಗಿರುವುದು ಸಾವಿಗೆ ಮುನ್ನ.

ಬೇರೆ ದೇಶಗಳು ಈ ಪಾಠವನ್ನು ಬೆಲೆ ತೆತ್ತು ಕಲಿತವು. ಅಮೆರಿಕದ ನ್ಯೂಯಾರ್ಕ್ ರಾಜ್ಯ 1920ರಲ್ಲಿಯೇ ಕಾನೂನು ಮಾಡಿ ಮುಷ್ಟಿಯುದ್ಧಕ್ಕೆ ಆಯೋಗವನ್ನು ನೇಮಿಸಿತು. ಲೈಸೆನ್ಸಿಲ್ಲದೆ ಆಡುವಂತಿಲ್ಲ, ಆಡಿಸುವಂತಿಲ್ಲ. 1996ರಲ್ಲಿ ಆ ದೇಶದ ಕೇಂದ್ರ ಕಾನೂನು ವೃತ್ತಿಪರ ಬಾಕ್ಸಿಂಗಿಗೆ ನಾಲ್ಕು ಷರತ್ತುಗಳನ್ನು ವಿಧಿಸಿತು: ಕಾದಾಟಕ್ಕೆ ಮುನ್ನ ವೈದ್ಯರ ಪರೀಕ್ಷೆ, ಸ್ಥಳದಲ್ಲಿ ಆಂಬುಲೆನ್ಸ್ ಅಥವಾ ಉಸಿರು ಮರಳಿಸುವ ಸಾಧನವುಳ್ಳ ಸಿಬ್ಬಂದಿ, ಕಣದ ಪಕ್ಕದಲ್ಲಿ ಎಡೆಬಿಡದೆ ವೈದ್ಯರು, ಪ್ರತಿಯೊಬ್ಬ ಬಾಕ್ಸರನಿಗೂ ಆರೋಗ್ಯ ವಿಮೆ. ಪ್ರಜ್ಞೆ ತಪ್ಪುವ ಏಟು ತಿಂದವನನ್ನು ಕೆಲವು ಕಾಲ ಕಣದಿಂದ ದೂರವಿಡುವ ಅಧಿಕಾರವೂ ಅಲ್ಲಿಯ ಆಯೋಗಗಳಿಗುಂಟು. ನಾಲ್ಕು ಷರತ್ತುಗಳಲ್ಲಿ ಒಂದಾದರೂ ನಮ್ಮ ಶಕ್ತಿಗೆ ಮೀರಿದ್ದೆಂದು ಯಾರೂ ಹೇಳಲಾರರು.

ನಮ್ಮಲ್ಲಿ ಅಧಿಕಾರದ ಕೊರತೆಯೂ ಇಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 33ನೆಯ ವಿಷಯವಾಗಿ ಕ್ರೀಡೆಯೂ ಮನೋರಂಜನೆಯೂ ರಾಜ್ಯಗಳ ಪಾಲಿಗೆ ಬಂದಿವೆ. ಸಾರ್ವಜನಿಕ ಮನೋರಂಜನೆಯ ಸ್ಥಳಗಳಿಗೆ ನಿಯಮ ಮಾಡುವ ಅವಕಾಶ 1963ರ ಕರ್ನಾಟಕ ಪೊಲೀಸ್ ಕಾಯಿದೆಯಲ್ಲಿಯೂ ಇದೆ. ಆದರೆ ಪೊಲೀಸರ ಪರವಾನಗಿ ನೋಡುವುದು ಜನಸಂದಣಿಯನ್ನು, ಧ್ವನಿವರ್ಧಕವನ್ನು, ವಾಹನ ನಿಲುಗಡೆಯನ್ನು. ಜೋಡಿ ಸಮವೆ, ನೆಲದ ಮೇಲೆ ಹಾಸಿದ ಮ್ಯಾಟು ದಪ್ಪವೆ, ವೈದ್ಯರು ಬಂದರೆ ಎಂದು ಕೇಳುವುದು ಅವರ ವಿದ್ಯೆಯಲ್ಲ. ರಾಷ್ಟ್ರೀಯ ಫೆಡರೇಷನ್ನಿನ ಪಂದ್ಯಗಳಲ್ಲಿ ಇವನ್ನೆಲ್ಲ ನೋಡುವವರಿದ್ದಾರೆ. ಫೆಡರೇಷನ್ನಿಗೂ ಗರಡಿಯ ಉಸ್ತಾದನಿಗೂ ನಡುವೆ, ಚೀಟಿ ಮಾರಿ ಪ್ರದರ್ಶನ ಏರ್ಪಡಿಸುವ ಖಾಸಗಿ ಕಾಳಗಗಳ ನಡುನೆಲ ಯಾರ ಕಾವಲಿಗೂ ಸೇರದೆ ಉಳಿದಿದೆ. ಮೂತ್ರದ ಸೀಸೆಗೆ ಎರಡು ಮೊಹರು. ಆಡಿಸುವವನಿಗೆ ಒಂದೂ ಇಲ್ಲ!

ನಿಯಮ ಹೆಚ್ಚಿದರೆ ಊರ ಕುಸ್ತಿ ಸತ್ತೀತೆಂದು ಅಂಜುವವರಿದ್ದಾರೆ. ಅಂಜಿಕೆ ನಿರಾಧಾರವಲ್ಲ. ಬೆಳ್ಳಿ ಕಡಗಕ್ಕಾಗಿ ನಡೆಯುವ ಜಾತ್ರೆಯ ಪಂದ್ಯಕ್ಕೆ ಪಟ್ಟಣದ ದೊಡ್ಡ ಪ್ರದರ್ಶನದಷ್ಟೇ ಕಾಗದಪತ್ರ ಕೇಳಿದರೆ ಕಂಪ್ಲಿಯ ಸುತ್ತಲಿನ ಹಳ್ಳಿಗಳಲ್ಲಿ ಕಣ ಹದಮಾಡುವವರೇ ಉಳಿಯಲಾರರು. ಆದುದರಿಂದ ಕಟ್ಟುಪಾಡಿನ ತೂಕ ಅಪಾಯದ ತೂಕಕ್ಕೆ ತಕ್ಕಂತಿರಬೇಕು. ಬೆನ್ನು ನೆಲಕ್ಕೆ ತಾಗಿಸುವ ಆಟಕ್ಕೆ ಉಸ್ತಾದನ ಕಣ್ಣೂ ಹತ್ತಿರದ ಆಸ್ಪತ್ರೆಯ ಒಬ್ಬ ವೈದ್ಯರೂ ಸಾಕಾದೀತು. ತಲೆಗೆ ಗುರಿಯಿಟ್ಟು ಹೊಡೆಯುವ ಆಟಕ್ಕೆ ನಾಲ್ಕು ಷರತ್ತುಗಳೂ ಬೇಕು.

ಸರಕಾರ ಎಚ್ಚರಗೊಳ್ಳುವವರೆಗೆ ಮನೆಯವರೇ ಎಚ್ಚರವಾಗಿರಬೇಕು. ಮಗನನ್ನೋ ಮಗಳನ್ನೋ ಸ್ಪರ್ಧೆಗೆ ಕಳುಹಿಸುವ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಎದುರಾಳಿಯ ತೂಕ, ವಯಸ್ಸು, ಅನುಭವ ಎಷ್ಟು? ಕಣದ ಬಳಿ ವೈದ್ಯರು ಯಾರು? ಆಂಬುಲೆನ್ಸ್ ಬಾಗಿಲಲ್ಲಿ ನಿಂತಿದೆಯೆ? ಪಂದ್ಯವನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ? ತರಬೇತುದಾರ ಕೊಡುವ ಡಬ್ಬಿಯಲ್ಲಿ ಏನಿದೆ? ಉತ್ತರ ಕೊಡಲು ಹಿಂಜರಿಯುವವನ ಕೈಗೆ ಮಕ್ಕಳನ್ನು ಒಪ್ಪಿಸದಿರುವುದು ಅಂಜುಬುರುಕುತನವಲ್ಲ, ವಿವೇಕ.

ಪಂದ್ಯದಲ್ಲಿ ಗೆದ್ದವನಿಗೆ ಕಡಗ, ಹಾರ, ಮೆರವಣಿಗೆಗಳಿವೆ. ಸೋತವನಿಗೆ ಸಲ್ಲಬೇಕಾದದ್ದು ಒಂದೇ: ಸಂಜೆ ತನ್ನ ಕಾಲಮೇಲೆ ನಡೆದು ಮನೆ ಸೇರುವುದು. ಅಷ್ಟನ್ನು ದೊರಕಿಸಿಕೊಡಲಾರದ ಕಣ ಎಷ್ಟು ದೀಪ ಹೊತ್ತಿಸಿದರೂ ಕತ್ತಲೆಯ ಕಣವೇ ಸರಿ.