ಅವಳನ್ನು 1719ರಲ್ಲೇ ಬಿಟ್ಟು ಬರಬೇಡಿ

ಕಳೆದ ತಿಂಗಳು ನಮ್ಮ ಬಳಗದ ಸಭೆಯಲ್ಲಿ ಗೆಳೆಯರೊಬ್ಬರು ಒಂದು ತೀರ್ಪು ಕೊಟ್ಟುಬಿಟ್ಟರು. ವಿಜ್ಞಾನ ಕಥೆ ಅನ್ನೋದು ಸಾಹಿತ್ಯವೇ ಅಲ್ಲ, ಬರೀ ಟೈಂಪಾಸು ಅಂತ. ನಾನು ಅವತ್ತು ಸುಮ್ಮನಿದ್ದೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ, ಚಹಾ ಬಂದಿತ್ತು. ಇವತ್ತು ಉತ್ತರ ಬರೆಯುತ್ತಿದ್ದೇನೆ. ಬರೆಯಲು ಕೂತ ಮೇಲೆ ಜಗಳ ಅವರೊಬ್ಬರ ಜೊತೆ ಮಾತ್ರ ಅಲ್ಲ, ನನ್ನ ಜೊತೆಗೂ ಇದೆ ಅಂತ ಗೊತ್ತಾಯಿತು.

ಮಾತು ಶುರುವಾದದ್ದು ‘ಪ್ರೇ’ ಎಂಬ ಸಿನಿಮಾದಿಂದ. ಡ್ಯಾನ್ ಟ್ರಾಕ್ಟೆನ್‌ಬರ್ಗ್ ನಿರ್ದೇಶಿಸಿದ್ದು, 2022ರಲ್ಲಿ ಬಂದದ್ದು. 1987ರಲ್ಲಿ ಶುರುವಾದ ‘ಪ್ರಿಡೇಟರ್’ ಸರಣಿಯದ್ದೇ ಒಂದು ಕಥೆ. ಬೇರೆ ಗ್ರಹದಿಂದ ಒಬ್ಬ ಬೇಟೆಗಾರ ಬರುತ್ತಾನೆ, ಭೂಮಿಯ ಮೇಲೆ ಯಾರು ಬಲಶಾಲಿಗಳೋ ಅವರನ್ನು ಹುಡುಕಿ ಹುಡುಕಿ ಕೊಲ್ಲುತ್ತಾನೆ. ಈ ಸಲ ಅವನು ಇಳಿಯುವುದು 1719ರ ಉತ್ತರ ಅಮೆರಿಕದ ಬಯಲಿಗೆ, ಕೊಮಾಂಚಿ ಎಂಬ ಮೂಲನಿವಾಸಿಗಳ ನೆಲಕ್ಕೆ. ಅಲ್ಲಿ ನಾರು ಎಂಬ ಹುಡುಗಿ. ಮನೆಯವರು ಅವಳಿಗೆ ಬೇರು, ಎಲೆ, ಮದ್ದಿನ ಕೆಲಸ ಕಲಿಸಿದ್ದಾರೆ. ಅವಳಿಗೆ ಆಸೆ ಬೇಟೆಗಾರ್ತಿ ಆಗಬೇಕೆಂದು. ಹುಡುಗರು ನಗುತ್ತಾರೆ. ಪಾತ್ರ ಮಾಡಿದ ಆಂಬರ್ ಮಿಡ್‌ತಂಡರ್ ಸ್ವತಃ ಅಲ್ಲಿನ ಮೂಲನಿವಾಸಿ ಸಮುದಾಯದವರೇ.

ನಾರು ಹೇಗೆ ಗೆಲ್ಲುತ್ತಾಳೆ? ತೋಳ್ಬಲದಿಂದ ಅಲ್ಲ. ಬಂದ ದೈತ್ಯನಿಗೆ ಮೈಯ ಬಿಸಿ ಮಾತ್ರ ಕಾಣುತ್ತದೆ ಅಂತ ಅವಳು ಪತ್ತೆ ಮಾಡುತ್ತಾಳೆ. ಗಾಯಾಳುವಿಗೆ ಕೊಡುವ ಒಂದು ಹೂವು ರಕ್ತವನ್ನು ತಣ್ಣಗೆ ಮಾಡುತ್ತದೆ ಅಂತ ಮದ್ದಿನವಳಾದ ಅವಳಿಗೆ ಮೊದಲೇ ಗೊತ್ತು. ಆ ಹೂವನ್ನು ತಿಂದರೆ ಅವನ ಕಣ್ಣಿಗೆ ತಾನು ಇಲ್ಲ! ಹಿಂದೆ ಒಮ್ಮೆ ತಾನೇ ಸಿಕ್ಕಿಬಿದ್ದು ಸಾಯಬೇಕಾಗಿದ್ದ ಕೆಸರಿನ ಹುದುಲಿಗೆ ಅವನನ್ನು ಕರೆತಂದು ಕೆಡಹುತ್ತಾಳೆ. ಅವನ ಬಾಣ ಯಾವುದನ್ನು ಹಿಂಬಾಲಿಸುತ್ತದೆ ಅಂತ ನೋಡಿಟ್ಟುಕೊಂಡಿದ್ದು, ಅವನ ಬಾಣಕ್ಕೆ ಅವನನ್ನೇ ಗುರಿ ಮಾಡುತ್ತಾಳೆ. ಊಹೆ, ನೋಡುವಿಕೆ, ಪರೀಕ್ಷೆ, ತಪ್ಪು, ಮತ್ತೆ ಪರೀಕ್ಷೆ. ಗೆಳೆಯರೇ, ನಮ್ಮ ಲ್ಯಾಬಿನಲ್ಲಿ ಜರ್ನಲ್ ಬರೆಯುವಾಗ ನಾವು ಮಾಡುವುದು ಇದನ್ನೇ ಅಲ್ಲವೇ? ಆ ಸಿನಿಮಾದಲ್ಲಿ ನಿಜವಾದ ವಿಜ್ಞಾನಿ ಯಾರು ಅಂದ್ರೆ, ಆಕಾಶದಿಂದ ಯಂತ್ರ ತಂದವನಲ್ಲ, ಈ ಹುಡುಗಿ.

ಇನ್ನೊಂದು ಸೂಕ್ಷ್ಮ. ಒಂದು ಕಡೆ ನಾರುವಿನ ಕಾಲು ಬೋನಿಗೆ ಸಿಕ್ಕಿದ್ದರೂ ಆ ಬೇಟೆಗಾರ ಅವಳನ್ನು ಬಿಟ್ಟು ಮುಂದೆ ಹೋಗುತ್ತಾನೆ. ಕರುಣೆಯಿಂದ ಅಲ್ಲ, ಅವಳು ಅವನ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕಿಲ್ಲದವಳು ಎಂಬುದನ್ನೇ ಅವಳು ಆಯುಧ ಮಾಡಿಕೊಳ್ಳುತ್ತಾಳೆ. ಇದು ಟೈಂಪಾಸೇ? ನನಗಂತೂ ಅನ್ನಿಸುವುದಿಲ್ಲ.

ಇಷ್ಟಾದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ಈ ತಕರಾರು ನನಗೆ ತಾನಾಗಿ ಹೊಳೆದದ್ದಲ್ಲ.

ನಾನು ಇರುವುದು ಗೋರೆಗಾಂವ್ ಪೂರ್ವದಲ್ಲಿ. ನನ್ನ ಕ್ಲಾಸಿನ ಗೆಳತಿಯೊಬ್ಬಳ ಮನೆ ಆರೆ ಕಾಲೊನಿಯೊಳಗಿನ ಒಂದು ವಾರ್ಲಿ ಪಾಡಾದಲ್ಲಿ. ಸಿನಿಮಾವನ್ನು ಇಬ್ಬರೂ ಅವಳ ಮನೆಯ ಜಗಲಿಯಲ್ಲಿ ಕೂತು ನನ್ನ ಮೊಬೈಲಿನಲ್ಲಿ ನೋಡಿದೆವು. ಅವಳ ಅಜ್ಜಿಯೂ ಸ್ವಲ್ಪ ಹೊತ್ತು ನೋಡಿದರು. ಮುಗಿದಾಗ ಗೆಳತಿ ಮೊದಲು ಹೇಳಿದ್ದು, ‘ನಾಯಿ ಬದುಕಿತಲ್ಲ, ಸಾಕು’ ಅಂತ. ಆಮೇಲೆ ಕೇಳಿದಳು: ‘ಇವಳು ಕಾಲೇಜಿಗೆ ಹೋಗೋದನ್ನು ಯಾವ ಸಿನಿಮಾದಲ್ಲಿ ತೋರಿಸ್ತಾರೆ?’

ನಾನು ನಕ್ಕೆ. ಅವಳು ನಗಲಿಲ್ಲ.

ನೋಡಿ, ಎಷ್ಟು ಸರಿಯಾದ ಪ್ರಶ್ನೆ! ಆಕಾಶದಿಂದ ಬಂದವನು ಭವಿಷ್ಯಕ್ಕೆ ಸೇರಿದವನು. ಕೋವಿ ಹಿಡಿದು ಕಾಡೆಮ್ಮೆಗಳ ಚರ್ಮ ಸುಲಿಯುವ ಫ್ರೆಂಚರು ಬರಲಿರುವ ಕಾಲಕ್ಕೆ ಸೇರಿದವರು. ಮೂಲನಿವಾಸಿ ಹುಡುಗಿ ಮಾತ್ರ ಹಿಂದಿನ ಕಾಲದವಳು. ಅವಳಿಗೆ ಗೆಲುವು ಕೊಡಲು ಕಥೆಗಾರರು ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತು. ನಾವಾದರೂ ಏನು ಕಡಿಮೆ? ‘ಆದಿವಾಸಿ’ ಎಂಬ ನಮ್ಮ ಮಾತಿನಲ್ಲೇ ‘ಆದಿ’ ಕೂತಿದೆ. ಮೊದಲು ಇದ್ದವರು ಎನ್ನುವ ಗೌರವದ ಮಾತನ್ನು ನಾವು ಹಿಂದೆ ಉಳಿದವರು ಅಂತ ಓದಿಕೊಂಡುಬಿಟ್ಟಿದ್ದೇವೆ.

ಆರೆಯ ಕಥೆ ನಿಮಗೆಲ್ಲ ಗೊತ್ತಿರುವುದೇ. 1949ರಲ್ಲಿ ಹಾಲಿನ ಕಾಲೊನಿಯಾಗಿ ಶುರುವಾದ ಜಾಗ. ಪಕ್ಕದಲ್ಲೇ ಸುಮಾರು 104 ಚದರ ಕಿಲೋಮೀಟರಿನ ಬೊರಿವಲಿ ರಾಷ್ಟ್ರೀಯ ಉದ್ಯಾನ. ಹಾಲಿನ ಕಾಲೊನಿ ಬರುವ ಮೊದಲೇ ಅಲ್ಲಿ ಪಾಡಾಗಳಿದ್ದವು, ಈಗಲೂ ಸುಮಾರು 27 ಇವೆ. 2019ರ ಅಕ್ಟೋಬರ್ 4ರಂದು ಮುಂಬಯಿ ಹೈಕೋರ್ಟು, ಆರೆಯನ್ನು ಕಾಡೆಂದು ಘೋಷಿಸಿ ಎಂಬ ಅರ್ಜಿಯನ್ನೂ, ಮರ ಕಡಿಯುವುದರ ವಿರುದ್ಧದ ಅರ್ಜಿಗಳನ್ನೂ ತಳ್ಳಿಹಾಕಿತು. ಅದೇ ರಾತ್ರಿ ಮೆಟ್ರೋ ಡಿಪೋಕ್ಕಾಗಿ ಗರಗಸ ಶುರುವಾಯಿತು. 7ನೇ ತಾರೀಕು ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಬಿದ್ದಿದ್ದವು. ಮರುವರ್ಷ ಸರಕಾರ ಆರೆಯ ಸುಮಾರು 800 ಎಕರೆಯನ್ನು ಕಾಡಾಗಿ ಕಾಯ್ದಿರಿಸುವುದಾಗಿ ಹೇಳಿತು. 2022ರಲ್ಲಿ ಇನ್ನೊಂದು ಸರಕಾರ ಡಿಪೋವನ್ನು ಆರೆಗೇ ಮರಳಿ ತಂದಿತು. 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿಗೆ ನೆಲದಡಿಯ ರೈಲು ಓಡಿತು.

ಮೆಟ್ರೋವೇ ಪರಲೋಕದ ರಾಕ್ಷಸ ಅಂತ ನಾನು ಕೂಗಿದರೆ ಲೇಖನ ಸಲೀಸಾಗಿ ಮುಗಿಯುತ್ತದೆ. ಆದರೆ ಸುಳ್ಳಾಗುತ್ತದೆ. ಆ ರೈಲಿನಲ್ಲಿ ನಾನು ಹೋಗುತ್ತೇನೆ. ಗೆಳತಿಯೂ ಬರುತ್ತಾಳೆ. ಲೋಕಲಿನ ಬಾಗಿಲಿಗೆ ಜೋತುಬಿದ್ದ ಅಪ್ಪನ ತಲೆಮಾರನ್ನು ಕಂಡವನಿಗೆ ಆ ತಂಪು ಗಾಡಿ ಬೇಡ ಅನ್ನುವ ಧೈರ್ಯ ಇಲ್ಲ. ಪ್ರಶ್ನೆ ರೈಲು ಬೇಕೋ ಕಾಡು ಬೇಕೋ ಅಂತ ಅಲ್ಲ. ನಾಳೆಯ ನಕ್ಷೆ ಬರೆಯುವಾಗ ಅವಳು ಆ ಮೇಜಿನ ಮುಂದೆ ಕೂತಿರುತ್ತಾಳೋ ಇಲ್ಲವೋ, ಅದು ಪ್ರಶ್ನೆ. ವಾರ್ಲಿ ಹೆಂಗಸರು ಮದುವೆಮನೆಯ ಗೋಡೆಗೆ ಅಕ್ಕಿಹಿಟ್ಟಿನಲ್ಲಿ ಬರೆಯುತ್ತಿದ್ದ ಚಿತ್ರ ಇವತ್ತು ಸೀರೆ, ಕಪ್ಪು, ಗೋಡೆ ಎಲ್ಲದರ ಮೇಲೂ ಇದೆ. ಚಿತ್ರ ನಮಗೆ ಬೇಕು, ಬರೆದವಳ ಮನೆ ಎಲ್ಲಿರಬೇಕು ಅನ್ನುವುದು ಮಾತ್ರ ಬೇರೆಯವರು ತೀರ್ಮಾನಿಸುವ ವಿಷಯ!

ಅವಳ ಮನೆಯವರಿಗೆ ಗೊತ್ತಿರುವುದು ಕಮ್ಮಿಯೇ? ಇಷ್ಟು ದೊಡ್ಡ ಶಹರದ ನಡುವೆ ಚಿರತೆಯ ಜೊತೆ ಬದುಕುವುದು ಹುಡುಗಾಟವಲ್ಲ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬಾರದು, ಟಾರ್ಚು ಹಿಡಿದು ಮಾತಾಡುತ್ತ ನಡೆಯಬೇಕು, ಎದುರಾದರೆ ಬೆನ್ನು ತಿರುಗಿಸಿ ಓಡಬಾರದು. ವಾಘೋಬಾ ಅಂತ ದೇವರು ಮಾಡಿ ಕೈಮುಗಿಯುತ್ತಾರೆ, ಕೈಮುಗಿದ ಮೇಲೂ ಟಾರ್ಚು ಬಿಡುವುದಿಲ್ಲ. ಇದು ನಾರುವಿನ ಹೂವಿನಂಥ ತಿಳಿವಳಿಕೆಯೇ.

ನಮ್ಮ ಕರ್ನಾಟಕದಲ್ಲೂ ಇದಕ್ಕೆ ಸಾಕ್ಷಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲೇ ಉದುರಿದೆಲೆಗಳಿಗೆ ಸಣ್ಣದಾಗಿ ‘ತರಗುಬೆಂಕಿ’ ಇಡುತ್ತಿದ್ದರು. 1974ರಲ್ಲಿ ಕಾಡು ವನ್ಯಧಾಮವಾಯಿತು, ಆ ಬೆಂಕಿ ನಿಂತಿತು. ಆಮೇಲೆ ಲಂಟಾನ ಪೊದೆ ಕಾಡನ್ನೇ ನುಂಗುತ್ತ ಬಂದದ್ದು ಬೆಂಕಿ ನಿಲ್ಲಿಸಿದ್ದರಿಂದ ಎಂಬುದು ಸೋಲಿಗರ ವಾದ. ಸಂಶೋಧಕರೂ ಈಗ ಅದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಅದೇ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಸಂರಕ್ಷಿತ ಕಾಡೊಂದರಲ್ಲಿ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅಂದ್ರೆ ಅವರ ತಿಳಿವಳಿಕೆ ಮ್ಯೂಸಿಯಮ್ಮಿನ ಸಾಮಾನಲ್ಲ, ನಾಳೆಗೆ ಬೇಕಾದ ಸಲಕರಣೆ.

ಹಾಗಾದರೆ ಮುಂಬಯಿಯ ನಾವು ಕನ್ನಡದಲ್ಲಿ ಬರೆಯುವವರು ಏನು ಮಾಡುತ್ತಿದ್ದೇವೆ? ಬೇಟೆಯ ಕಥೆ ನಮಗೆ ಹೊಸದೇನಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲೇ ಬಂದಿದೆ. ಕಾಡಿಲ್ಲ, ಮೃಗವಿಲ್ಲ, ಇದೇ ಶಹರ, ಒಂದು ಕಂಪನಿ, ಬೆನ್ನು ಹತ್ತಿದವರ ನಡುವೆ ನಾಗಪ್ಪನೊಬ್ಬ. ಬರೆದವರು ಪಾಲಿಮರ್ ರಸಾಯನದಲ್ಲಿ ಪಳಗಿದ ಮನುಷ್ಯ. ತೇಜಸ್ವಿಯವರ ‘ಕರ್ವಾಲೊ’ 1980ರದು. ಹಾರುವ ಓತಿಯನ್ನು ಹುಡುಕುವ ವಿಜ್ಞಾನಿಗೆ ಹಳ್ಳಿಯ ಮಂದಣ್ಣನ ಕಣ್ಣೇ ದಿಕ್ಕು. ಒಂದರಲ್ಲಿ ಮುಂಬಯಿಯ ಬೇಟೆ, ಇನ್ನೊಂದರಲ್ಲಿ ಕಾಡಿನ ಜ್ಞಾನ. ಎರಡನ್ನೂ ಒಟ್ಟಿಗೆ ತಂದು ಆರೆಯಲ್ಲಿ ನಿಲ್ಲಿಸುವ ಕಥೆಯನ್ನು ನಮ್ಮಲ್ಲಿ ಯಾರಾದರೂ ಬರೆಯಬಾರದೇ?

‘ವಿಜ್ಞಾನ ಕಥೆ ಬರೆಯಲು ನಾವೇನು ದೊಡ್ಡವರಾ’ ಅನ್ನುವವರಿಗೆ ಒಂದು ಮಾತು. ಜಯಂತ ನಾರಳೀಕರರು 1974ರಲ್ಲಿ, ಇದೇ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿದ್ದಾಗ, ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಥೆ ಕಳಿಸಿದರು, ಬಹುಮಾನವೂ ಬಂತು. ಅಂಥವರೇ ಹೆಸರು ಮುಚ್ಚಿಟ್ಟು ಶುರುಮಾಡಿದರೆಂದ ಮೇಲೆ ನಮಗೆಂಥ ನಾಚಿಕೆ, ಮಾರಾಯ್ರೇ?

ಕಷ್ಟದ ಪ್ರಶ್ನೆ ಬೇರೆಯೇ. ವಾರ್ಲಿ ಹುಡುಗಿಯ ಕಥೆ ಬರೆಯಲು ಕನ್ನಡದವನು ಯಾರು? ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ‘ಪ್ರೇ’ ಮಾಡಿದವರು ಕೊಮಾಂಚಿ ಮೂಲದ ಜೇನ್ ಮೈಯರ್ಸ್ ಅವರನ್ನು ನಿರ್ಮಾಪಕಿಯಾಗಿ ಇಟ್ಟುಕೊಂಡರು, ಇಡೀ ಚಿತ್ರವನ್ನು ಕೊಮಾಂಚಿ ಭಾಷೆಗೆ ಡಬ್ ಮಾಡಿದರು. ಮಾತಾಡುವವರು ತೀರ ಕಡಿಮೆ ಉಳಿದಿರುವ ಭಾಷೆ ಅದು. ಮಕ್ಕಳು ಕನ್ನಡ ಬಿಡುತ್ತಾರೆ ಅಂತ ಸಭೆ ಸಭೆಯಲ್ಲೂ ಕಣ್ಣೀರು ಹಾಕುವ ಮುಂಬಯಿಯ ನಮಗೆ ಅದರ ಬೆಲೆ ಬೇರೆಯವರಿಗಿಂತ ಬೇಗ ತಿಳಿಯಬೇಕು. ಪರಭಾಷೆಯ ಊರಿನಲ್ಲಿ ನಾವು ಪರಕೀಯರು ಅಂತ ಗೋಳಾಡುವಾಗ, ನಾವು ಬರುವುದಕ್ಕೂ ಮೊದಲು ಇಲ್ಲಿದ್ದವರ ಹೆಸರನ್ನು ಒಮ್ಮೆಯಾದರೂ ಕೇಳಿದ್ದೇವೆಯೇ? ನಾನು ಕೇಳಿರಲಿಲ್ಲ. ಗೆಳತಿಯ ಅಜ್ಜಿಯ ಹೆಸರು ನನಗೆ ಗೊತ್ತಾದದ್ದು ಆ ಸಿನಿಮಾ ನೋಡಿದ ದಿನ.

ಆದ್ದರಿಂದ ನನ್ನ ಸೂಚನೆ ಇಷ್ಟು. ಮುಂದಿನ ಸಂಚಿಕೆಗೆ 2080ರ ಆರೆಯ ಒಂದು ಕಥೆ ಯಾರಾದರೂ ಬರೆಯಿರಿ. ಹುಡುಗಿಯನ್ನು ದೇವಿ ಮಾಡಬೇಡಿ, ಅವಳು ಪರೀಕ್ಷೆಯಲ್ಲಿ ನಪಾಸಾಗಲಿ, ತಪ್ಪು ಲೆಕ್ಕ ಹಾಕಲಿ, ಅಜ್ಜಿಯ ಜೊತೆ ಜಗಳವಾಡಲಿ. ಕೈಯಲ್ಲಿ ಕೊಡಲಿಯೇ ಇರಬೇಕೆಂದಿಲ್ಲ, ಉಪಗ್ರಹದ ನಕ್ಷೆಯೂ ಇರಲಿ. ಬರೆಯುವ ಮೊದಲು ಪಾಡಾಕ್ಕೆ ಹೋಗಿ ಕೂತು ಕೇಳಿ. ಬರೆದ ಮೇಲೆ ಅಲ್ಲಿಯೇ ಓದಿ ಹೇಳಿ, ಅವರು ಬೇಡವೆಂದದ್ದನ್ನು ಹೊಡೆದು ಹಾಕಿ. ಅವರಲ್ಲಿ ಯಾರಾದರೂ ತಾವೇ ಬರೆದುಕೊಟ್ಟರೆ ನಾವು ಅನುವಾದ ಮಾಡಿ ಮೊದಲ ಪುಟದಲ್ಲಿ ಹಾಕೋಣ.

ಗೆಳತಿಗೆ ಈ ಯೋಜನೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಅಂದಳು: ‘2080ರಲ್ಲಿ ನಾನೇ ಅಜ್ಜಿ ಆಗಿರ್ತೀನಿ. ನನ್ನನ್ನೂ ಕಥೆಯಲ್ಲಿ ಹಾಕು. ಆದರೆ ನನ್ನ ಮನೆ ಇಲ್ಲೇ ಇರಬೇಕು.’