ಬೇಲಿಯೇ ಹೊಲ ಮೇಯ್ದಾಗ

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಒಂಬತ್ತನೇ ತರಗತಿಯ ಹುಡುಗಿ, ಲೆಕ್ಕದಲ್ಲಿ ಬಲು ಚುರುಕಾದವಳು, ಇದ್ದಕ್ಕಿದ್ದಂತೆ ನೋಟ್‌ಬುಕ್ಕಿನ ತುಂಬ ಏನೇನೋ ಗೀಚತೊಡಗಿದಳು. ಗದರಿಸಿದೆ; ನಕ್ಕಳು. ಉದ್ಧಟತನವೆಂದು ಬೆಂಚಿನ ಮೇಲೆ ನಿಲ್ಲಿಸಿದೆ. ಆ ವಾರವೇ ಅವಳಿಗೆ ನಿದ್ದೆ ಹಾರಿಹೋಯಿತು. ಗೋಡೆಯ ಹಿಂದೆ ಯಾರೋ ಮಾತಾಡುತ್ತಾರೆ ಎಂದಳು. ಮನೆಯವರು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದರು. ಬಿ.ಎಸ್ಸಿ. ಓದಿದ ನಾನು ಪರೀಕ್ಷೆಯ ಹೆದರಿಕೆ ಎಂದೆ. ಇಬ್ಬರೂ ತಪ್ಪಿದ್ದೆವು.

ಹತ್ತು ದಿನಗಳ ಮೇಲೆ ಅವಳ ಬಾಯಿ ಏನನ್ನೋ ಅಗಿಯುವಂತೆ ತಾನಾಗಿ ಆಡತೊಡಗಿತು. ಒಂದು ರಾತ್ರಿ ಫಿಟ್ಸ್ ಬಂತು. ಊರಿನ ಯುವ ವೈದ್ಯೆಯೊಬ್ಬರು ಇದು ಬರೀ ಮನಸ್ಸಿನ ಕಾಯಿಲೆಯಲ್ಲ ಎಂದು ಬೆಂಗಳೂರಿಗೆ ಕಳಿಸಿದರು. ಬೆನ್ನಿನಿಂದ ಸೂಜಿಯಲ್ಲಿ ತೆಗೆದ ನೀರಿನ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು.

ರೋಗಾಣುಗಳನ್ನು ಎದುರಿಸಲು ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆಂದು ನೀವು ಓದಿದ್ದೀರಿ. ಒಮ್ಮೊಮ್ಮೆ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಈ ಕಾಯಿಲೆಯಲ್ಲಿ ಪ್ರತಿಕಾಯಗಳು ಮಿದುಳಿನ ನರಕೋಶಗಳ ಮೇಲಿನ ಎನ್‌ಎಂಡಿಎ ಗ್ರಾಹಕಗಳಿಗೆ ಅಂಟಿಕೊಂಡು, ಅವು ಕೋಶದೊಳಕ್ಕೆ ಸರಿದು ಮರೆಯಾಗುವಂತೆ ಮಾಡುತ್ತವೆ. ನೆನಪು, ಕಲಿಕೆ ಎರಡಕ್ಕೂ ಬೇಕಾದ ಗ್ರಾಹಕಗಳಿವು. 2007ರಲ್ಲಿ ಅಮೆರಿಕದಲ್ಲಿದ್ದ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು 12 ಮಹಿಳೆಯರಲ್ಲಿ ಇದನ್ನು ಗುರುತಿಸಿದರು. ಬಹುತೇಕರ ಅಂಡಾಶಯದಲ್ಲಿ ಗಡ್ಡೆಯಿತ್ತು. ಚಿಕ್ಕ ಮಕ್ಕಳಲ್ಲಿ ಗಡ್ಡೆ ಅಪರೂಪ. ಬರ್ಲಿನ್ ಮೃಗಾಲಯದ ಹಿಮಕರಡಿ ಕ್ನುಟ್ 2011ರಲ್ಲಿ ಫಿಟ್ಸ್ ಬಂದು ನೀರಿಗೆ ಬಿದ್ದು ಸತ್ತದ್ದು ಇದೇ ಕಾಯಿಲೆಯಿಂದ ಎಂದು 2015ರಲ್ಲಿ ತಿಳಿಯಿತು! 2007ಕ್ಕೆ ಮೊದಲು ಎಷ್ಟು ಮಕ್ಕಳು ಹುಚ್ಚರೆನಿಸಿಕೊಂಡು ಮೂಲೆ ಸೇರಿದರೋ.

ಕಾಯಿಲೆ ಅಪರೂಪದ್ದೇ, ತಾಯಂದಿರು ಗಾಬರಿಯಾಗಬೇಡಿ. ಆದರೆ ಚೆನ್ನಾಗಿದ್ದ ಮಗು ಕೆಲವೇ ದಿನ ಅಥವಾ ವಾರಗಳಲ್ಲಿ ಪೂರ್ತಿ ಬದಲಾದರೆ, ಜೊತೆಗೆ ಜ್ವರ, ತಲೆನೋವು, ನಿದ್ದೆಗೇಡು, ಮಾತು ಕುಗ್ಗುವುದು, ಕೈ-ಬಾಯಿಗಳ ವಿಚಿತ್ರ ಚಲನೆ ಅಥವಾ ಫಿಟ್ಸ್ ಇದ್ದರೆ, ನರರೋಗ ತಜ್ಞರಿಗೆ ತಡಮಾಡದೆ ತೋರಿಸಿ. ಯಾವುದು ಯಾವ ದಿನ ಶುರುವಾಯಿತೆಂದು ಬರೆದುಕೊಂಡು ಹೋಗಿ. ಸ್ಟೀರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಹೀಗೆ ಚಿಕಿತ್ಸೆಗಳಿವೆ. ಬೇಗ ಶುರುವಾದಷ್ಟೂ ಫಲ ಹೆಚ್ಚು. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ರೋಗಿಗಳು ಎರಡು ವರ್ಷದೊಳಗೆ ಚೇತರಿಸಿಕೊಂಡಿದ್ದರು.

ನಮ್ಮ ಹುಡುಗಿಗೆ ಒಂದು ವರ್ಷದ ಓದು ಹೋಯಿತು. ಮರಳಿ ಬಂದವಳಿಗೆ ಆ ದಿನಗಳ ನೆನಪೇ ಇಲ್ಲ. ಬೆಂಚಿನ ಮೇಲೆ ನಿಂತದ್ದೂ ನೆನಪಿಲ್ಲವಂತೆ. ನನಗಿದೆ.