ಚಂದ್ರಶೇಖರರ ಒಂದು ಪ್ರಶ್ನೆ

ಆಟಗಾರರ ನೇರ ನುಡಿಯ ಹಾಸ್ಯ ನಮಗೆ ಪ್ರಿಯವಾದುದು. ಹಿರಿಯರು ಅದನ್ನು ಒರಟುತನವೆಂದು ಜರೆಯುವುದುಂಟು. 1976ರ ನ್ಯೂಜಿಲೆಂಡ್ ಪ್ರವಾಸದಲ್ಲಿ ಮೈಸೂರಿನ ಬಿ. ಎಸ್. ಚಂದ್ರಶೇಖರರ ಹಲವು ಮನವಿಗಳನ್ನು ಅಂಪೈರರು ತಳ್ಳಿಹಾಕಿದರಂತೆ. ಕಡೆಗೆ ಚೆಂಡು ವಿಕೆಟ್ಟನ್ನೇ ಉರುಳಿಸಿತು. ಚಂದ್ರಶೇಖರರು ಆಗಲೂ ಮನವಿ ಮಾಡಿದರು! “ಬೌಲ್ಡ್ ಆಗಿದ್ದಾನಲ್ಲ,” ಎಂದರು ಅಂಪೈರರು. “ಅದನ್ನು ಬಲ್ಲೆ, ಔಟಾಗಿದ್ದಾನೆಯೇ?” ಎಂದು ಇವರು ಕೇಳಿದರು. ಬೈಗುಳಿಲ್ಲ, ಗೋಳಿಲ್ಲ, ದೂರು ಮುಟ್ಟಬೇಕಾದಲ್ಲಿಗೆ ಮುಟ್ಟಿತು.

ನಮ್ಮ ಆಟದ ಬಯಲಿನಲ್ಲಿ ಸೋತವರನ್ನು ಹಂಗಿಸುವುದೂ ಈಗ ನೇರ ನುಡಿಯೆನಿಸಿಕೊಳ್ಳುತ್ತಿದೆ. ಇದನ್ನು ನಾವು ಒಪ್ಪೆವು. ಚಂದ್ರಶೇಖರರು ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರೂ ಗಳಿಸಿದ್ದು 167 ರನ್ನುಗಳನ್ನು ಮಾತ್ರ. 1975ರ ಜನವರಿಯಲ್ಲಿ, ನಮ್ಮ ಚೇಪಾಕಿನಲ್ಲಿಯೇ, ವಿಶ್ವನಾಥರು 97ರಲ್ಲಿ ಅಜೇಯರಾಗಿ ನಿಂತಿರಲು, ಕೊನೆಯವರಾಗಿ ಔಟಾದವರೂ ಇವರೇ. ಅದಕ್ಕಾಗಿ ಇವರನ್ನು ಹಂಗಿಸಿದರೆ ನಗುವವರಾರು?